ಒಲೆಯೊಳಗಿನ ಮರಳು

ಅಯ್ಯೋ, ಅದನ್ನ ಚೆಲ್ಬೇಡಿ ಮಾರಾಯ್ರೆ, ಡಬ್ಬ ಅಲ್ಲೇ ಇಡಿ, ಹಾಂ, ಜಗಲಿ ಮೇಲೆ, ನೆಟ್ಟಗೆ. ಭಾರ ಆಗ್ತದೆ ಅಂತ ನನಗೂ ಗೊತ್ತು. ನಾಳೆ ಗುಡ್ಡಕ್ಕೆ ಹೊತ್ಕೊಂಡು ಹೋಗೋರು ನೀವು, ನಾನಲ್ಲ, ಅದೂ ಗೊತ್ತು. ಆದ್ರೂ ಆ ಮರಳು ಒಲೆಯೊಳಗೇ ಇರ್ಲಿ. ಎಂತಕ್ಕೆ ಅಂತ ಹೇಳ್ತೇನೆ, ಕೂತ್ಕೊಳ್ಳಿ. ತಮಾ, ಆ ಬೆಂಕಿಪೆಟ್ಟಿಗೆ ಇತ್ಲಾಗೆ ಕೊಡು ಮೊದ್ಲು.

ಇದು ಅಂಗಡಿಯ ಒಲೆ ಅಲ್ಲ. ನಿಮ್ಮ ಗಣಪತಿ ಮಾವ ಮಾಡಿದ್ದು, ನನ್ನ ಮಗ. ದೋಣಿಗೆ ಬಳಿದು ಖಾಲಿಯಾದ ಬಣ್ಣದ ಡಬ್ಬ, ಅದರ ಹೊಟ್ಟೆಗೆ ಒಂದು ಬಾಯಿ ಕೊರೆದ, ಪಾತ್ರೆ ಕೂರ್ಲಿ ಅಂತ ಮೇಲೆ ಬೋಲ್ಟು ತೂರಿಸಿದ, ತಂತಿಯ ಹಿಡಿ ಹಾಕಿದ, ತಳಕ್ಕೆ ನಾಲ್ಕು ಬೆರಳು ಮರಳು ತುಂಬಿಸಿದ. ದೋಣಿಯಲ್ಲಿ ಹಂಗೇ, ಗೊತ್ತದಲ, ಮರಳಿಲ್ದೆ ಬೆಂಕಿ ಹೊತ್ತಿಸುದೇ ಇಲ್ಲ. ಕೆಳಗೆ ಹಲಗೆ, ಸುತ್ತ ನೀರು, ಹಲಗೆ ಸುಟ್ರೆ ಹೋಗುದೆಲ್ಲಿಗೆ? ಇದನ್ನ ಮಗಳು ಸುಮಿಗೆ ಅಂತ ಮಾಡಿದ್ದ. ಅಲ್ಲ, ತಪ್ಪು ಹೇಳ್ದೆ, ಮಾಡಿದ್ದು ದೋಣಿಗೇ, ಆಮೇಲೆ ಸುಮಿ ನೋಡಿ ನಂಗೆ ಬೇಕು ಅಂತ ಹಟ ಹಿಡೀತು. ಈಗ ನಿಮಗೆ ಸುಮಿ ಅಕ್ಕ ಅಂದ್ರೆ ಕಾಲೇಜಿಗೆ ಹೋಗುವ ಹುಡುಗಿ, ಆಗ ಮೂರನೇ ಇಯತ್ತೆ, ಮುಂದಿನ ಹಲ್ಲು ಇರ್ಲಿಲ್ಲ. ಇವನಂದ, "ಚಳಿ ಬೀಳ್ಲಿ ತಡಿ, ಹೆದ್ದಾರಿ ಆಚೆ ಗುಡ್ಡ ಹತ್ತುವ. ಮೇಲೆ ಕೂತು ದೋಣಿ ಚಾ ಮಾಡಿ ಕುಡಿಯುವ, ನನ್ನ ಬಲೆ ಬೀಳುವ ಜಾಗ ತೋರಿಸ್ತೇನೆ." ಚಳಿ ಬಿದ್ದದ್ದು ಹೌದು. ಅವನು ಅಷ್ಟರವರೆಗೆ ಇರ್ಲಿಲ್ಲ. ಮಳೆಗಾಲದಲ್ಲಿ ಜ್ವರ ಬಂತು, ಕಾರವಾರಕ್ಕೆ ಕರ್ಕೊಂಡು ಹೋದ್ವಿ, ಅವನ ಚಪ್ಪಲಿ ಮಾತ್ರ ವಾಪಸ್ ತಂದ್ವಿ.

ನಾನು ಆಗ ಇನ್ನೂ ಶಾಲೆಗೆ ಕಲಿಸೂಕೆ ಹೋಗ್ತಿದ್ದೆ. ಹೋಗ್ತಿದ್ದೆ, ಹಾಜರಿ ಕರೀತಿದ್ದೆ, ಬರ್ತಿದ್ದೆ. ಒಂದು ಕಡೆ ಕೂರೂಕೆ ಆಗ್ತಿರ್ಲಿಲ್ಲ. ಕೂತ್ರೆ ಏಳ್ಬೇಕು ಅನ್ನಿಸುದು, ಎದ್ರೆ ಎಂತಕ್ಕೆ ಎದ್ದೆ ಅಂತ ಮರೆತು ಹೋಗುದು. ಅಷ್ಟೊತ್ತಿಗೆ ನಿಮ್ಮ ವನಿತಾ ಅತ್ತೆಗೆ, ಸುಮಿಯ ಅಮ್ಮನಿಗೆ, ಕಾರವಾರದಲ್ಲಿ ಕೆಲಸ ಸಿಕ್ತು, ತಾಯಿ ಮಗಳು ಸೋಮವಾರ ಬೆಳಿಗ್ಗೆ ಹೊರಡುದು ಅಂತ ಆಯ್ತು. ಚೀಲ ಕಟ್ಟಿ ಆಗಿದೆ. ಸುಮಿ ಕಂಬ ಹಿಡ್ಕೊಂಡು ನಿಂತದೆ. "ಗುಡ್ಡ ಹತ್ದೆ ನಾ ಬಸ್ ಹತ್ತುದಿಲ್ಲ." ವನಿತಾ ಬೈದಳು, "ಯಾರು ಕರ್ಕೊಂಡು ಹೋಗುದೇ ನಿನ್ನ? ಕರ್ಕೊಂಡು ಹೋಗುವವ್ರು ಇದ್ದಾರನೇ?" ಅಂದವಳು ತಾನೇ ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು. ನಾನಂದೆ, "ನಾ ಬರ್ತೇನೆ ಮಗಾ." ಎಂತಕ್ಕೆ ಅಂದೆನೋ ಗೊತ್ತಿಲ್ಲ. ಈ ಮಗು ಈ ಸಿಟ್ಟು ಕಟ್ಕೊಂಡು ಹೋದ್ರೆ ನಮ್ಮ ಕೇಣಿ ಊರಿಗೆ ಮತ್ತೆ ಕಾಲಿಡುದಿಲ್ಲ ಅಂತ ಹೆದರಿಕೆ ಆಯ್ತು, ಅಷ್ಟೇ.

ಭಾನುವಾರ ಬೆಳಿಗ್ಗೆ ನಾನು ಶಾಲೆ ಅಕ್ಕೋರ ಬುದ್ಧಿಯಂತೆ ಎಲ್ಲಾ ಅಳೆದು ಕಟ್ಟಿದೆ, ಚಾಪುಡಿ ಇಷ್ಟು, ಬೆಲ್ಲ ಇಷ್ಟು, ತೆಂಗಿನ ಗೆರಟೆ ಒಣಗಿದ್ದೇ ಆರಿಸಿ, ನೀರು ಒಂದು ಬಾಟಲಿ, ಸುಮಿಯ ಶಾಲೆ ಚೀಲಕ್ಕೆ ತುಂಬಿಸಿದೆ. ನನ್ನ ನಾದಿನಿ ಯಮುನಾ, ಪಕ್ಕದ ಮನೆಯವಳು, ಒಲೆ ತಗೊಂಡ್ಹೋಗಿ ಬೂದಿ ಹಾಕಿ ಉಜ್ಜಿ ಉಜ್ಜಿ ಬೆಳ್ಳಿ ಮಾಡಿ ತಂದಳು. "ಛೀ ಅತ್ತಿಗೆ, ಸತ್ತವನ ಕೈಯ ಸಾಮಾನು, ಮಸಿ ಹಿಡಿಸ್ಕೊಂಡು ಹೊರಡ್ತೀರಾ? ನೋಡಿದವ್ರು ಏನಂತಾರೆ?" "ಗುಡ್ಡದಲ್ಲಿ ನೋಡೂಕೆ ಯಾರಿದ್ದಾರೆ ಯಮುನಾ, ಮಂಗಗಳು." "ಮಂಗಗಳಾದ್ರೂ ಏನಂತಾವೆ?" ಮರಳು ಅವಳ ಅಂಗಳದಲ್ಲೇ ಚೆಲ್ಲಿದ್ದಳು. ನಾನೂ ನೋಡಿದೆ, ಸುಮಿಯೂ ನೋಡ್ತು, ಯಾರೂ ಒಂದು ಮಾತು ಅನ್ಲಿಲ್ಲ. ಅನ್ನುದೆಂತ? ಬಾಗಿಲು ತೆಗೆದ್ರೆ ಮರಳು, ಹಾಸಿಗೆಯಲ್ಲಿ ಮರಳು, ಅನ್ನದಲ್ಲಿ ಒಂದೊಂದ್ಸಲ ಮರಳು. ಕೇಣಿಯವ್ರು ಯಾರಾದ್ರೂ ಮರಳು ಕಟ್ಕೊಂಡು ಹೊರಟದ್ದನ್ನ ಕೇಳಿದ್ದೀರಾ?

ರಿಕ್ಷಾದಲ್ಲಿ ಗುಡ್ಡದ ಬುಡದವರೆಗೆ ಹೋದ್ವಿ. ರಿಕ್ಷಾದವ ನನ್ನ ಹಳೇ ವಿದ್ಯಾರ್ಥಿ. "ಅಕ್ಕೋರೇ, ಭಾನುವಾರ ಗುಡ್ಡದ ಮೇಲೂ ಶಾಲೆ ಸುರು ಮಾಡಿದ್ರಾ?" ಅಂದ. "ಹೌದು, ನೀನೂ ಬಾ, ಮಗ್ಗಿ ಬಾಕಿ ಅದೆಯಲ್ಲ ನಿಂದು" ಅಂದೆ. ಅವನು ನಕ್ಕ, ಸುಮಿ ನಗ್ಲಿಲ್ಲ. ಅಪ್ಪನ ಜಾಕೆಟ್ ಹಾಕ್ಕೊಂಡಿತ್ತು, ಮೊಣಕಾಲಿಗೆ ಬರ್ತಿತ್ತು, ತೋಳು ಮಡಚಿ ಮಡಚಿ ಉಂಡೆ. ಅದನ್ನ ತೊಳೆಯೂಕೆ ಯಾರಿಗೂ ಕೊಟ್ಟಿರ್ಲಿಲ್ಲ ಅದು. ಹತ್ತುವಾಗ ಮುಂದೆ ಓಡುದು, ನಿಲ್ಲುದು, "ಬೇಗ ಬಾ ಅಜ್ಜಿ", ಮತ್ತೆ ಓಡುದು. ಇಬ್ಬನಿಗೆ ಕಾಲು ಜಾರ್ತಿತ್ತು, ಬಾಯಿ ಬಿಟ್ರೆ ಹೊಗೆ. ನಮ್ಮ ಕಡೆ ಅಷ್ಟು ಚಳಿ ಬೀಳುದೇ ಅಪರೂಪ.

ಮೇಲೆ ಹೋಗುವಷ್ಟರಲ್ಲಿ ಬಿಸಿಲು ಏರಿ ಇಬ್ಬನಿ ಆರಿತ್ತು, ಗಾಳಿ ಎದ್ದಿತ್ತು. ಸಮುದ್ರ ಪೂರಾ ಕಂಡಿತು, ದೋಣಿಗಳು ಚುಕ್ಕಿ ಚುಕ್ಕಿ. "ಅಪ್ಪನ ಜಾಗ ಯಾವುದು ಅಜ್ಜಿ?" ನನಗೇನು ಗೊತ್ತು? ನಾನು ಬೊಬ್ರುವಾಡದ ಗದ್ದೆಯವಳು, ಮದುವೆಯಾಗಿ ಕೇಣಿಗೆ ಬಂದವಳು, ದೋಣಿ ಹತ್ತಿದವಳಲ್ಲ. ಸುಳ್ಳು ಹೇಳಿ ಒಂದು ಕಡೆ ಬೆರಳು ತೋರಿಸಬಹುದಿತ್ತು. ಆಗ್ಲಿಲ್ಲ. "ಗೊತ್ತಿಲ್ಲ ಮಗಾ" ಅಂದೆ. ಅದು ಒಲೆ ಕೆಳಗಿಟ್ಟಿತು. ಇನ್ನು ಉಳಿದದ್ದು ಚಾ ಒಂದೇ.

ನೋಡಿದ್ರೆ ಡಬ್ಬದ ತಳ ಬರಿದು. ಯಮುನಾ ಉಜ್ಜಿದ ಉಜ್ಜಿಗೆ ತುಕ್ಕು ಉದುರಿ ತಳದಲ್ಲಿ ತೂತು ಬಿದ್ದಿತ್ತು, ಅದರಲ್ಲಿ ಕೆಳಗಿನ ಹುಲ್ಲು ಕಾಣ್ತಿತ್ತು. ಸುಮಿ ಯೋಚನೆಯೇ ಮಾಡದೆ ಮರಳು ತುಂಬೂಕೆ ಅಂತ ನೆಲಕ್ಕೆ ಕೈ ಹಾಕಿ ಬಾಚಿತು. ನಮ್ಮ ಮಕ್ಕಳ ಅಭ್ಯಾಸ ಅದು. ಚಿರೇಕಲ್ಲಿಗೆ ಬೆರಳು ತರಚಿ ರಕ್ತ ಬಂತು. ಸುತ್ತ ನೋಡ್ತೇವೆ, ಕಲ್ಲು, ಒಣ ಹುಲ್ಲು, ಮತ್ತೆ ಕಲ್ಲು. ಅಷ್ಟು ದೊಡ್ಡ ಗುಡ್ಡದಲ್ಲಿ ಒಂದು ಹಿಡಿ ಮರಳಿಲ್ಲ.

"ಬೆಂಕಿ ಬೇಡ, ಹುಲ್ಲು ಹೊತ್ಕೊಳ್ತದೆ, ಕೆಳಗೆ ಹೋಗಿ ಮಾಡುವ" ಅಂದೆ. "ಕೆಳಗೆ ಅಲ್ಲ. ಮೇಲೆ ಅಂದಿದ್ದ ಅಪ್ಪ." "ಸುಮಿ, ಹೇಳಿದ್ದು ಕೇಳು." "ನೀ ಶಾಲೆ ಅಕ್ಕೋರಂಗೆ ಮಾತಾಡ್ಬೇಡ! ಅಪ್ಪ ಇದ್ರೆ ಮಾಡ್ತಿದ್ದ!" ಅಂತು, ನಾನು ಚೀಲ ಕಟ್ಟೂಕೆ ಬಗ್ಗಿದ್ದೆ, ಒಲೆಗೆ ಗೆರಟೆ ತುಂಬಿ ಕಡ್ಡಿ ಗೀರೇ ಬಿಟ್ಟಿತು. ಗೆರಟೆ ಚಟಪಟ ಅಂತು, ಕಿಡಿ ತೂತಲ್ಲಿ ಇಳೀತು, ಹುಲ್ಲು ಭುಗ್ ಅಂತು. ನಾನು ಚಪ್ಪಲಿ ಕಾಲಲ್ಲೇ ತುಳಿದೆ, ಸೀರೆ ಅಂಚು ಸುಟ್ಟಿತು, ಬಾಟಲಿ ತೆಗೆದು ಸುರಿದೆ. ಆರಿತು. ಚಾಕ್ಕೆ ಅಂತ ತಂದ ನೀರು ಬಾಟಲಿಯ ತಳಕ್ಕೆ ಹೋಗಿತ್ತು. ಗಾಳಿ ಇನ್ನೊಂದು ಚೂರು ಜೋರಿದ್ರೆ, ಬೇಡ, ಅದನ್ನ ಈಗ ಹೇಳುದು ಬೇಡ.

ಮಗು ಜಾಕೆಟ್ಟಿನ ಜೇಬಿಗೆ ಕೈ ಹಾಕ್ಕೊಂಡು ನಿಂತಿತು. ಸ್ವಲ್ಪ ಹೊತ್ತಿಗೆ, "ಅಜ್ಜಿ" ಅಂತು, ಸಣ್ಣ ದನಿ. ಮುಷ್ಟಿ ತೆಗೀತು, ಬಿಚ್ಚಿತು. ಮರಳು. ಒಂದು ತುಂಡು ಬಲೆ ದಾರ, ಒಂದು ಒಣಗಿದ ಮೀನಿನ ಹುರುಪೆ. ಮತ್ತೊಂದು ಜೇಬಲ್ಲೂ ಅಷ್ಟೇ ಮರಳು. ದಂಡೆಯಲ್ಲಿ ಬಲೆ ಎಳೆದವರ ಜೇಬು ಹಂಗೇ ಇರ್ತದೆ, ನಾನು ಎಷ್ಟು ಸಲ ಬೈದಿದ್ದೆ ಅವನಿಗೆ, ಒಗೆಯುವ ಕಲ್ಲೆಲ್ಲಾ ಮರಳು ಮಾಡ್ತೀಯಾ ಅಂತ. "ಹಾಕ್ಲಾ?" ಅಂತು. ನಾನು ಡಬ್ಬ ಕಲ್ಲಿನ ಮೇಲೆ ನೆಟ್ಟಗೆ ಇಟ್ಟೆ. ಅದೇ ಹಾಕಿತು, ಒಂದು ಕಣ ಆಚೆ ಬೀಳ್ದಂಗೆ. ತಳ ಮುಚ್ಚಲಿಲ್ಲ. ಚಪ್ಪಲಿ ಕೊಡವಿದ್ವಿ, ಅದರ ಶಾಲೆ ಚೀಲದ ಮೂಲೆ ಬಿಡಿಸಿದ್ವಿ, ನನ್ನ ಪರ್ಸಿನಲ್ಲೂ ಒಂದಿಷ್ಟು ಇತ್ತು. ಕೊನೆಗೆ ತೂತು ಮುಚ್ಚುವಷ್ಟು ಆಯ್ತು. ಸುತ್ತಲಿನ ಹುಲ್ಲನ್ನ ಇಬ್ರೂ ಕೈಯಲ್ಲೇ ಕಿತ್ತು, ಬರೀ ಕಲ್ಲು ಮಾಡಿ, ಗಾಳಿಗೆ ಚೀಲ ಅಡ್ಡ ಇಟ್ಟು, ಮತ್ತೆ ಹೊತ್ತಿಸಿದ್ವಿ.

ಚಾ ಅರ್ಧ ಅರ್ಧ ಲೋಟ ಆಯ್ತು. ಹೊಗೆ ವಾಸನೆ, ಬೆಲ್ಲ ಜಾಸ್ತಿ. ಸುಮಿ ಕುಡೀತಾ ಸಮುದ್ರ ನೋಡ್ತು, "ಯಾವುದಾದ್ರೂ ಒಂದು ಜಾಗ ಇರ್ಬೇಕಲ್ಲ ಅಜ್ಜಿ" ಅಂತು. ಇರ್ಬೇಕು ಅಂದೆ.

ಮರುದಿನ ಬಸ್ ಹತ್ತಿತು. ಹತ್ತುವ ಮೊದ್ಲು ಈ ಡಬ್ಬ ನನ್ನ ಕೈಗೆ ಕೊಟ್ಟು, "ಯಮುನಜ್ಜಿಗೆ ಉಜ್ಜೂಕೆ ಕೊಡ್ಬೇಡ" ಅಂತು. ಆಮೇಲೆ ನಾನು ತೂತಿಗೆ ತಗಡು ಹಾಕಿಸಿ, ಗುಡ್ಡದಿಂದ ಕಟ್ಕೊಂಡು ತಂದ ಆ ಮರಳಿಗೆ ದಂಡೆಯ ಮರಳೂ ಸೇರಿಸಿ ನಾಲ್ಕು ಬೆರಳು ಮಾಡಿಟ್ಟಿದ್ದೇನೆ, ಅದು ರಜೆಗೆ ಬಂದಾಗೆಲ್ಲ ಮೊದ್ಲು ಮುಚ್ಚಳ ತೆಗೆದು ನೋಡ್ತದೆ. ಹಂಗಾಗಿ ಹೇಳುದು, ನಮ್ಮ ಅಂಗಳದಲ್ಲಿ ಇದ್ದದ್ದು ಗುಡ್ಡದ ಮೇಲೂ ಸಿಗ್ತದೆ ಅಂತ ತಿಳ್ಕೊಬೇಡಿ. ಭಾರ ಆದ್ರೆ ಬಿಸ್ಕೀಟು ಕಡಿಮೆ ಒಯ್ಯಿರಿ. ನೀರು ಎರಡು ಬಾಟಲಿ. ಏಳಿ, ಕೈ ತೊಳ್ಕೊಳ್ಳಿ, ಗಂಜಿ ಆರ್ತದೆ.