ತೌಡು ನಿಂತ ಕೊಳ

ತಾಯಂದಿರೇ, ಅಣ್ಣತಮ್ಮಂದಿರೇ, ಈಗ ಸ್ವಲ್ಪ ಹೊತ್ತು ಶಾಸ್ತ್ರವನ್ನು ಪಕ್ಕಕ್ಕಿಟ್ಟು ಮೀನಿನ ಮಾತಾಡೋಣ. ಮೀನು ತಿನ್ನದವರು ಮುಖ ಸಿಂಡರಿಸಬೇಡಿ. ತಿನ್ನಿ ಎನ್ನುತ್ತಿಲ್ಲ, ಕೇಳಿ ಎನ್ನುತ್ತಿದ್ದೇನೆ.

ನಾಲೆಯ ಬದಿಯ ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಗದ್ದೆಯಿತ್ತು, ಅಕ್ಕಿ ಗಿರಣಿಯಿತ್ತು, ಆಡಿದ ಮಾತು ನಡೆಯುತ್ತಿತ್ತು. ಕೆಟ್ಟವನೇ? ಅಲ್ಲ. ಕೆಟ್ಟವನ ಕಥೆಯಾದರೆ ನಾವೆಲ್ಲ ಸುಲಭವಾಗಿ ತಪ್ಪಿಸಿಕೊಂಡುಬಿಡುತ್ತೇವೆ. ಇವನು ಒಳ್ಳೆಯವನು, ತಂಗಿಯೆಂದರೆ ಜೀವ ಬಿಡುವವನು.

ಆ ತಂಗಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ತವರಿನಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ನೋಡಿ, ಅನ್ನ ಬೇರೆ, ತನ್ನ ಅನ್ನ ಬೇರೆ. "ಅಣ್ಣಯ್ಯ, ತಲೆಗೆ ಹಚ್ಕೊಳೋ ಎಣ್ಣೆಗೂ ಅತ್ತಿಗೆ ಮುಂದೆ ಕೈ ಚಾಚ್ಬೇಕು ಅಂದ್ರೆ ನನ್ ಕೈಲಾಗಾಕಿಲ್ಲ. ಏನಾರ ಕೆಲ್ಸ ಕೊಡು," ಎಂದಳು. ಅವನು ಗದ್ದೆಯ ಅಂಚಿನಲ್ಲಿ ಒಂದು ಕೊಳ ತೋಡಿಸಿ, ಕಾಟ್ಲಾ, ರೋಹು ಮೀನಿನ ಮರಿ ಬಿಡಿಸಿ, "ಇದು ನಿಂದು ಕಣವ್ವ," ಎಂದ.

ಅವಳು ದಿನಾ ಅಣ್ಣನ ಗಿರಣಿಯಿಂದ ತೌಡು ಹೊತ್ತು ತರುತ್ತಿದ್ದಳು. ಕಡಲೆಕಾಯಿ ಹಿಂಡಿಯ ಜೊತೆ ಕಲಸಿ, ತೂತು ಮಾಡಿದ ಚೀಲಕ್ಕೆ ತುಂಬಿ, ನೀರಿಗಿಳಿದು ಅಲ್ಲಿ ನೆಟ್ಟ ಬಿದಿರು ಗಳಕ್ಕೆ ಕಟ್ಟುತ್ತಿದ್ದಳು. ಮೀನುಗಳು ಬಂದು ತೂತಿಗೆ ಬಾಯಿಟ್ಟು ತಿನ್ನುತ್ತಿದ್ದವು. ಸೀರೆಯೆಲ್ಲ ಕೆಸರು, ತಲೆಯೆಲ್ಲ ತೌಡಿನ ಹುಡಿ, ಆದರೂ ಮುಖದಲ್ಲಿ ಕಳೆಯಿತ್ತು. ಮೊದಲ ಸಲ ಮೀನು ಮಾರಿದಾಗ ಅತ್ತಿಗೆಗೇ ಒಂದು ಸೀರೆ ತಂದುಕೊಟ್ಟಳು.

ಹೀಗಿರುವಾಗ ಗಿರಣಿಯ ಮುಂದೆ ಯಾರೋ ಒಂದು ಮಾತು ಅಂದರು. "ಏನ್ ಸಾವ್ಕಾರ್ರೇ, ತಂಗ್ಯವ್ವನ ಕೈಲಿ ತೌಡು ಹೊರಿಸ್ತಿದ್ದೀರಲ್ಲ." ಇಷ್ಟೇ ಮಾತು. ಮಾನಕ್ಕೆ ಅಂಜುವವನಿಗೆ ಇದಕ್ಕಿಂತ ಹೆಚ್ಚು ಬೇಕೇ? ಅಂದಿನಿಂದ ತೌಡು ನಿಂತಿತು. ಪೇಟೆಯಿಂದ ಮಿರಮಿರ ಮಿಂಚುವ ಚೀಲಗಳಲ್ಲಿ ಪುಷ್ಟಿಯ ಆಹಾರ ಬಂತು. ಅದನ್ನು ಎರಚಲು ಒಬ್ಬ ಆಳು ಬಂದ. "ತೌಡು ದನ ತಿಂತದೆ. ನನ್ ತಂಗಿ ಮೀನಿಗೆ ಗಟ್ಟಿ ಊಟನೇ ಆಗ್ಲಿ. ನೀನು ನೆಳ್ಳಲ್ಲಿ ಕೂತ್ಕೊ ತಾಯಿ," ಎಂದ ಸಾಹುಕಾರ.

ಅವಳು ಕೂತಳು. ಏನು ಮಾಡಿಯಾಳು? ಬೈದು ಹೇಳಿದರೆ ಎದುರಾಡಬಹುದು, ಪ್ರೀತಿಯಿಂದ ಹೇಳಿದರೆ ಹೇಗೆ ಎದುರಾಡುವುದು?

ಮೊದಮೊದಲು ಮೀನುಗಳು ದಷ್ಟಪುಷ್ಟವಾದವು. ಸಾಹುಕಾರ ದಂಡೆಯ ಮೇಲೆ ನಿಂತು ಮೀಸೆ ತಿರುವಿದ. ಆಮೇಲೆ ಅವು ಊಟಕ್ಕೆ ಬರುವುದು ಕಡಿಮೆಯಾಯಿತು. ಹೊಟ್ಟೆ ಊದಿಸಿಕೊಂಡು ನೀರಿನ ಮೇಲೆ ಸುಮ್ಮನೆ ತೇಲತೊಡಗಿದವು. ಅವನೇನು ಮಾಡಿದ? ಸಾಲದಾಯಿತೇನೋ ಎಂದು ಇನ್ನಷ್ಟು ಹಾಕಿಸಿದ. ನಮ್ಮ ಬುದ್ಧಿ ಹೀಗೇ, ನೋಡಿ. ಕೊಟ್ಟದ್ದರಿಂದಲೇ ಕೆಟ್ಟಿತು ಎಂದು ಕೊಟ್ಟವನಿಗೆ ಹೊಳೆಯುವುದೇ ಇಲ್ಲ. ಸತ್ತ ಮೀನುಗಳು ದಂಡೆಗೆ ಬಂದು ಬಿದ್ದವು. ತಂಗಿ ಮತ್ತೆ ಎಣ್ಣೆಗೂ ಕೈ ಚಾಚುವಂತಾಯಿತಲ್ಲ ಎಂದು ಸಂಕಟಪಟ್ಟ. ಬೇರೆಯವರಿಂದಲ್ಲ, ತನ್ನ ಕೈಯಿಂದಲೇ ಹಾಗಾಗುತ್ತಿದೆ ಎಂಬುದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಮೀನಿನ ಡಾಕ್ಟರಮ್ಮನನ್ನು ಕರೆಸಿದ. ಅವರು ಒಂದು ಮೀನನ್ನು ಕೊಯ್ದು ತೋರಿಸಿದರು. ಕರುಳು ಕೆಂಪೇರಿ, ಮುಟ್ಟಿದರೆ ಹರಿಯುವ ಹಾಗಿತ್ತು.

"ಇವಕ್ಕೆ ನಾರಿನಂಶ ಏನು ಕೊಡ್ತಿದ್ದೀರಿ?" ಎಂದು ಕೇಳಿದರು.

"ನಾರಾ? ಕಸ ಯಾಕೆ ಕೊಡ್ಲಿ ತಾಯಿ, ಬರೀ ಸಾರನೇ ಕೊಟ್ಟಿವ್ನಿ."

"ನೀವು ಕಸ ಅಂತೀರಲ್ಲ, ಅದನ್ನ ತಿಂದು ಬದುಕೋ ಕಣ್ಣಿಗೆ ಕಾಣದ ಜೀವಗಳು ಇವುಗಳ ಕರುಳಲ್ಲಿವೆ. ಅವು ಚೆನ್ನಾಗಿದ್ರೆ ಕರುಳು ಗಟ್ಟಿ, ರೋಗ ಸುಲಭಕ್ಕೆ ಒಳಗೆ ಬರಲ್ಲ. ನೀವು ಮೀನಿಗೆ ಉಣ್ಣಿಸಿ ಅವನ್ನ ಉಪವಾಸ ಕೆಡವಿದ್ರಿ."

ಸಾಹುಕಾರ ಪೇಟೆಗೆ ಓಡಿದ. ನಾರಿನ ಪುಡಿಯ ಡಬ್ಬಿಗಳನ್ನು ಹೊತ್ತು ತಂದ. ತನ್ನ ಗಿರಣಿಯ ಹಿಂದೆ ನಾರು ತುಂಬಿದ ತೌಡು ಗುಡ್ಡೆ ಬಿದ್ದಿದೆ, ಇವನು ಡಬ್ಬಿ ತರುತ್ತಿದ್ದಾನೆ. ನಗಬೇಡಿ. ಪಾಲಿಶ್ ಅಕ್ಕಿಯ ಅನ್ನ ಉಂಡು, ಮಲಗುವ ಮುಂಚೆ ಇಸಬಗೋಲು ಕಲಸಿ ಕುಡಿಯುವವರು ಈ ಸಭೆಯಲ್ಲೇ ಇದ್ದಾರೆ.

ಡಬ್ಬಿಗಳನ್ನೆಲ್ಲ ಒಮ್ಮೆಗೇ ಸುರಿಯಹೊರಟವನನ್ನು ಡಾಕ್ಟರಮ್ಮ ತಡೆದರು. "ಪುಡಿಯೂ ಆಗುತ್ತೆ, ಆದ್ರೆ ಅಳತೆ ಬೇಕು ಯಜಮಾನ್ರೇ. ಹೆಚ್ಚಾದ್ರೆ ಬರೀ ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಮುಂಚೆ ಈ ಕೊಳಕ್ಕೆ ಊಟ ಹಾಕ್ತಿದ್ದೋರು ಯಾರು? ಅವರನ್ನ ಕರೀರಿ."

ಅವನು ನೆರಳಿನ ಕಡೆ ತಿರುಗಿ ನೋಡಿದ. ಎಷ್ಟೋ ತಿಂಗಳಾದ ಮೇಲೆ ಅವಳನ್ನು ನಿಜವಾಗಿ ನೋಡಿದ. ಸೀರೆ ಶುಭ್ರವಾಗಿತ್ತು, ಮುಖ ಬಾಡಿತ್ತು.

"ಅಣ್ಣಯ್ಯ, ನೀ ನಂಗೇನೂ ಕಮ್ಮಿ ಮಾಡಿಲ್ಲ," ಎಂದಳು ಅವಳು. "ಆದ್ರೆ ಬೆಳಗಾದ್ರೆ ಯಾಕೆ ಎದ್ದೇಳ್ಬೇಕು ಅಂತಾನೇ ಗೊತ್ತಾಯ್ತಿಲ್ಲ. ಮೀನು ಉಳಿದ್ರೆ ಉಳೀಲಿ, ಇಲ್ದಿದ್ರೆ ಹೊಸ ಮರಿ ಬಿಟ್ಕೋತೀನಿ. ನನ್ ಕೆಲ್ಸ ನಂಗೆ ಬಿಡು."

ಸಾಹುಕಾರ ಅತ್ತ. ದೊಡ್ಡ ಮನುಷ್ಯರು ಅಳುವುದು ಕಡಿಮೆ, ಅವನು ಅತ್ತ. ಆಮೇಲೆ ತಾನೇ ಗಿರಣಿಗೆ ಹೋಗಿ ತೌಡಿನ ಮೂಟೆಯನ್ನು ಹೆಗಲಿಗೇರಿಸಿ, ಊರ ನಡುವಿನ ದಾರಿಯಲ್ಲೇ ಬಂದು, ದಂಡೆಯಲ್ಲಿ ಇಳಿಸಿ ದೂರ ನಿಂತ. ನೀರಿಗಿಳಿದವಳು ಅವಳು. ಬಹಳ ಮೀನು ಹೋಗಿಯೇ ಹೋದವು. ಉಳಿದವು ನಿಧಾನವಾಗಿ ಚೀಲದ ಹತ್ತಿರ ಬಂದವು.

ಈಗ ನಿಮ್ಮ ಮನೆಗೆ ಬರೋಣ. ಮಗ ತಟ್ಟೆ ತೊಳೆಯಲು ಎದ್ದರೆ ಕಿತ್ತುಕೊಳ್ಳುವ ತಾಯಿ ಇಲ್ಲಿಲ್ಲವೇ? ವಯಸ್ಸಾದ ಅಪ್ಪ ಹಾಲು ತರುತ್ತೇನೆಂದು ಹೊರಟರೆ, ನೋಡಿದವರು ಏನಂದಾರು ಎಂದು ಕೂರಿಸುವ ಮಗ ಇಲ್ಲವೇ? ಸೊಸೆ ಕೆಲಸಕ್ಕೆ ಹೋಗುತ್ತೇನೆಂದರೆ "ನಮಗೇನು ಕಮ್ಮಿಯಾಗಿದೆ" ಎನ್ನುವ ಮಾವ ಇಲ್ಲವೇ? ಬದುಕಿನ ಒರಟನ್ನೆಲ್ಲ ಜರಡಿ ಹಿಡಿದು ತೆಗೆದು, ಬರೀ ಮೆತ್ತಗಿನದನ್ನು ಉಣ್ಣಿಸುತ್ತೇವೆ. ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತೇವೆ. ಅದರಲ್ಲಿ ಪ್ರೀತಿ ಎಷ್ಟು, ನಮ್ಮ ಮಾನದ ಭಯ ಎಷ್ಟು, ಎದೆ ಮುಟ್ಟಿ ಹೇಳಿ.

ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ನೀವು ಅತಿ ಪ್ರೀತಿಯಿಂದ ಸಾಕುತ್ತಿರುವವರ ಪಕ್ಕ ಕೂತು ಕೇಳಿ, "ನಿನ್ನ ಯಾವ ಕೆಲಸವನ್ನು ನಾನು ಕಸಿದುಕೊಂಡಿದ್ದೇನೆ?" ಎಂದು. ಉತ್ತರ ಬಂದರೆ ವಾದ ಮಾಡಬೇಡಿ, ಆ ಕೆಲಸವನ್ನು ಹಿಂದಕ್ಕೆ ಕೊಡಿ. ಅವರು ನಿಮ್ಮಷ್ಟು ಅಚ್ಚುಕಟ್ಟಾಗಿ ಮಾಡಲಿಕ್ಕಿಲ್ಲ, ತಡವಾದೀತು, ಪಕ್ಕದ ಮನೆಯವರು ಒಂದು ಮಾತು ಅಂದಾರು. ಅನ್ನಲಿ. ಆ ಮಾತನ್ನು ನೀವು ಹೊತ್ತುಕೊಳ್ಳಿ, ಅವರ ಕೆಲಸವನ್ನು ಅವರಿಗೆ ಬಿಡಿ.