ಮಾಸ್ಕೋದಿಂದ ನಾಲ್ಕೂವರೆ ಗಂಟೆ

ಅಜ್ಜಿಯ ಕಥೆಗಳಲ್ಲಿ ಕುದುರೆಗಳು ಒಂದೇ ಉಸಿರಿಗೆ ಏಳು ಬೆಟ್ಟ ದಾಟುತ್ತಿದ್ದವು. ಓಶ್ ವಿಮಾನ ನಿಲ್ದಾಣದಲ್ಲಿ ಬೋರ್ಡು ನೋಡುತ್ತಾ ಕೂರಬೇಕು. ನನ್ನ ಪಕ್ಕದಲ್ಲಿ ಒಬ್ಬರು ಮುದುಕರು, ಅವರ ಅಣ್ಣನ ಮಗಳು. ಮಾಸ್ಕೋ ವಿಮಾನ ಮಧ್ಯಾಹ್ನ ಮೂರೂವರೆಗೆ ಎಂದು ಬೋರ್ಡಿನಲ್ಲಿ ಮೂಡಿತು.

"ಹನ್ನೆರಡೂವರೆ ಅಂದಿದ್ರಲ್ಲ, ಚಿಕ್ಕಪ್ಪ?"

"ಎಂಟಕ್ಕೆ ಹೊರಡ್ತೀನಿ ಅಂದ ನಿನ್ನ ತಮ್ಮ ತಿಲೆಕ್. ಮೂರು ಸಾವಿರ ಕಿಲೋಮೀಟರು, ನಾಲ್ಕೂವರೆ ಗಂಟೆ. ಕೂಡಿಸಿದೆ."

"ಅಲ್ಲಿ ಎಂಟು ಅಂದ್ರೆ ಇಲ್ಲಿ ಹನ್ನೊಂದು."

"ಮರೆತೇಬಿಟ್ಟೆ ಕಣೇ, ಬುರುಲೈ."

"ಎರಡಕ್ಕೆ ಮಣ್ಣು ಮಾಡ್ತಾರೆ. ತಡೀರಿ ಅಂತ ಮುಲ್ಲಾಗೆ ಹೇಳಿ."

ಮುದುಕರು ಫೋನ್ ಮಾಡಿ ಮುಗಿಸಿದರು.

"ಆಗಲ್ವಂತೆ. ನಿಮ್ಮಪ್ಪನ್ನ ಗುಡಾರದಲ್ಲಿಟ್ಟು ಇವತ್ತಿಗೆ ಮೂರು ದಿನ, ಮೇಲೆ ಈ ಬಿಸಿಲು."

"ಮೊದಲ ಹಿಡಿ ಮಣ್ಣು ಮಗನೇ ಹಾಕ್ಬೇಕಲ್ಲ."

"ನಾನೇ ಹಾಕ್ತೀನಿ. ಏಳು, ಊರಿಗೆ ಒಂದು ಗಂಟೆ ದಾರಿ. ಎತ್ತುವಾಗ ಹಾಡಿ ಅಳೋಕೆ ಮಗಳಾದ್ರೂ ಇರ್ಲಿ."

"ತಿಲೆಕ್ ಇನ್ನೂ ಆಕಾಶದಲ್ಲಿದ್ದಾನೆ. ಇಳಿದಾಗ ಮಣ್ಣು ಮಾಡಿ ಆಯ್ತು ಅಂತ ಅವನಿಗೆ ಯಾರು ಹೇಳ್ತಾರೆ?"

ಮುದುಕರು ಟೋಪಿ ಸರಿಮಾಡಿಕೊಂಡರು. ಆಕೆ ನನ್ನ ಕಡೆ ತಿರುಗಿದಳು.

"ಮೂರೂವರೆವರೆಗೂ ಇರ್ತೀಯೇನಮ್ಮ?"

"ನನ್ನ ವಿಮಾನ ಎರಡಕ್ಕೆ, ಅಕ್ಕ."

ತಲೆಯಾಡಿಸಿ, ಚಿಕ್ಕಪ್ಪನ ತೋಳು ಹಿಡಿದುಕೊಂಡು ಹೊರಟುಹೋದಳು.