ನೀಲಿ ದಾರದ ಮೀನು

ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಆಶ್ರಯಧಾಮದ ಮೂವತ್ತೊಂದು ಮಕ್ಕಳ ಬಟ್ಟೆ ಒಣಗಿಸಲು ಜಾಗವಿಲ್ಲದೆ ಊಟದ ಕೋಣೆಯ ಉದ್ದಕ್ಕೂ ಹಗ್ಗ ಕಟ್ಟಿ ಹರವಿದ್ದರು. ಅದರಡಿ ಬಗ್ಗಿ ಬಗ್ಗಿ ಓಡಾಡಿ ದೊಡ್ಡವರೆಲ್ಲರ ಸೊಂಟ ಹಿಡಿದುಕೊಂಡಿತ್ತು. ಮಧ್ಯಾಹ್ನ ಎರಡೂವರೆಗೇ ದೀಪ ಹಾಕಬೇಕಾಯಿತು. ಮಹಡಿಯಲ್ಲಿ ಮಕ್ಕಳು ಮಲಗಿದ್ದರು. ಎರಡರಿಂದ ನಾಲ್ಕರವರೆಗೆ ಅವರ ನಿದ್ದೆ. ಆ ಮನೆಯ ಹೆಂಗಸರು ಕೂತು ಉಸಿರು ಬಿಡಲು ದಿನದಲ್ಲಿ ಸಿಗುವುದು ಆ ಎರಡು ಗಂಟೆ ಮಾತ್ರ.

ಬಟ್ಟೆ ಕೋಣೆಯಲ್ಲಿ ನಾಲ್ವರು ಸೇರಿದ್ದರು. ತಮ್ಮದಲ್ಲದ ಊರಿನಲ್ಲಿ ತಮ್ಮದಲ್ಲದ ಮಕ್ಕಳ ಮೂಗು ಒರೆಸಲೆಂದು ಕ್ರೈಸ್ತ ಸಭೆಯವರು ಸಮುದ್ರ ದಾಟಿಸಿ ಕಳಿಸಿದವರು ಅವರು. ಎಲ್ಲರಿಗೂ ಹಿರಿಯರು ದೊಡ್ಡಮ್ಮ, ಬಂದು ನಲವತ್ತು ವರ್ಷ ಆಗಿತ್ತು. ಹೊಸ ಹುಡುಗಿಯರಿಬ್ಬರು ಬಂದು ಇನ್ನೂ ತಿಂಗಳು. ನಾಲ್ಕನೆಯವಳು ಜಡೆಯಕ್ಕ. ಅವಳ ಉದ್ದ ಜಡೆ ಹಿಡಿದು ಜೋತಾಡುವ ಮಕ್ಕಳೇ ಇಟ್ಟ ಹೆಸರು ಅದು. ಅವಳ ಎರಡು ವರ್ಷದ ಸೇವೆ ಮುಗಿದಿತ್ತು. ಊರಿನಲ್ಲಿ ತಾಯಿಗೆ ಕಣ್ಣಿನ ಆಪರೇಷನ್ನು. ನಾಳೆ ಬೆಳಿಗ್ಗೆ ಆರಕ್ಕೆ ಅವಳು ಹೊರಡಬೇಕು. ಹೋಗಬೇಕೆಂಬ ಆಸೆಯೂ ಇತ್ತು, ಬಿಟ್ಟುಹೋಗುವ ಸಂಕಟವೂ ಇತ್ತು. ಬೆಳಗಿನಿಂದ ಯಾರ ಮುಖವನ್ನೂ ಸರಿಯಾಗಿ ನೋಡದೆ ಪೆಟ್ಟಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು.

"ನಿನ್ನ ಕೋಟಿನ ಗುಂಡಿ ನೇತಾಡ್ತಾ ಇದೆಯಲ್ಲೇ. ಕೊಡು ಇಲ್ಲಿ. ಈ ಅವತಾರದಲ್ಲಿ ಹೋದ್ರೆ ನಿಮ್ಮಮ್ಮ ನನ್ನನ್ನೇ ಬೈಯೋದು," ಎಂದು ದೊಡ್ಡಮ್ಮ ಕೋಟನ್ನು ಕಿತ್ತುಕೊಂಡು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬಲಗೈಯಲ್ಲಿ ಸೂಜಿ ಹಿಡಿದು ದಾರ ಪೋಣಿಸಿದರು. ಸಡಿಲ ಗುಂಡಿ ಒಂದೇ ಅಲ್ಲ, ಕೋಟಿನ ಕತ್ತುಪಟ್ಟಿಯ ಒಳಗಿದ್ದ ಕಪ್ಪು ದಾರದ ಜಡೆಯ ಗುರುತನ್ನೂ ನೋಡಿದರು. ಬಂದ ಮೊದಲ ದಿನ ಅದನ್ನು ಹೊಲಿದವರೂ ಅವರೇ. ನಿಧಾನವಾಗಿ ಒಂದೊಂದೇ ಎಳೆ ಬಿಚ್ಚಿ ತೆಗೆದರು.

"ಅದನ್ನ ಯಾಕೆ ಬಿಚ್ತೀರಿ ದೊಡ್ಡಮ್ಮ? ಇರಲಿ ಬಿಡಿ, ನೆನಪಿಗೆ," ಎಂದಳು ಜಡೆಯಕ್ಕ.

"ಬಿಚ್ಚಲೇಬೇಕು ಕಣೆ. ಬಿಚ್ಚದೆ ಇದ್ರೆ ಏನಾಗುತ್ತೆ ಅಂತ ಹೇಳ್ತೀನಿ, ಕೇಳ್ತೀರಾ? ದೆವ್ವದ ಕತೆ."

ಹೊಸ ಹುಡುಗಿಯರು ಸ್ಟೂಲು ಎಳೆದುಕೊಂಡು ಹತ್ತಿರ ಬಂದರು. ಅವರಲ್ಲಿ ಒಬ್ಬಳು ನಕ್ಕಳು. "ಹಗಲು ಹೊತ್ತಲ್ಲಿ ದೆವ್ವದ ಕತೆನಾ? ಪ್ರಾರ್ಥನೆ ಮಾಡೋರು ನೀವೇ ಇದನ್ನೆಲ್ಲ ನಂಬಿದ್ರೆ ಹೇಗೆ ದೊಡ್ಡಮ್ಮ?"

"ನಂಬ್ತೀನಿ ಅಂತ ಯಾರು ಹೇಳಿದ್ರು? ನೋಡಿದ್ದೀನಿ, ಅಷ್ಟೇ. ಅದೂ ಮಧ್ಯಾಹ್ನವೇ, ಮಕ್ಕಳು ಮಲಗಿರೋ ಇದೇ ಹೊತ್ತಲ್ಲೇ. ಈಗ ಬಾಯಿ ಮುಚ್ಕೊಂಡು ಕೇಳಿ."

ಹೊರಗೆ ಮಳೆಯ ಸದ್ದು ಜೋರಾಯಿತು. ದೊಡ್ಡಮ್ಮ ಗುಂಡಿಯ ಕಡೆಗೆ ಕಣ್ಣಿಟ್ಟೇ ಶುರುಮಾಡಿದರು.

"ನಾನು ಈ ಮನೆಗೆ ಬಂದಾಗ ನಿಮಗಿಂತ ಚಿಕ್ಕವಳು. ಈ ಊರಿನ ಭಾಷೆ ಬರಲ್ಲ, ಅಳೋ ಮಗೂನ ಹೇಗೆ ಎತ್ಕೋಬೇಕು ಅಂತಾನೂ ಗೊತ್ತಿಲ್ಲ, ಆದ್ರೆ ಜಗತ್ತನ್ನೇ ಉದ್ಧಾರ ಮಾಡ್ತೀನಿ ಅನ್ನೋ ಜಂಭ ಮಾತ್ರ ಮೈತುಂಬ. ನಾನು ಬರೋಕೆ ಎರಡು ತಿಂಗಳು ಮುಂಚೆ ಇಲ್ಲಿದ್ದ ಸಿಸ್ಟರು ತೀರಿಹೋಗಿದ್ರು. ಅವರೂ ನಮ್ಮ ಕಡೆಯವರೇ. ಎಲ್ರೂ ಅವರನ್ನ ಸೂಜಿ ಸಿಸ್ಟರ್ ಅಂತಿದ್ರು. ಯಾಕೆ ಗೊತ್ತಾ? ಬಟ್ಟೆಗೆ ಗುರುತು ಹೊಲಿಯೋ ಪದ್ಧತಿ ಇದೆಯಲ್ಲ, ಅದನ್ನ ಶುರುಮಾಡಿದ್ದೇ ಅವರು. ಓದೋಕೆ ಬಾರದ ಮಕ್ಕಳಿಗೆ ತಮ್ಮ ಬಟ್ಟೆ ಯಾವುದು ಅಂತ ಗೊತ್ತಾಗಬೇಕಲ್ಲ... ಒಬ್ಬನಿಗೆ ಎಲೆ, ಒಬ್ಬಳಿಗೆ ನಕ್ಷತ್ರ, ಒಬ್ಬಳಿಗೆ ಮೀನು. ಮಗು ಮನೆ ಬಿಟ್ಟು ಹೋಗೋ ದಿನ ಹತ್ರ ಬಂತು ಅಂದ್ರೆ ಆ ಗುರುತು ಬಿಚ್ಚಬೇಕು. ಇನ್ನು ನೀನು ನಿನ್ನವರ ಮಗು, ನಮ್ಮದಲ್ಲ, ಅಂತ ಅದರ ಅರ್ಥ. ಇನ್ನೂರು ಮಕ್ಕಳ ಗುರುತು ಹೀಗೆ ಬಿಚ್ಚಿದ್ರಂತೆ ಆ ತಾಯಿ. ಪ್ರತಿ ಸಲ ಬಿಚ್ಚಿ ಎರಡು ದಿನ ಊಟ ಬಿಡ್ತಿದ್ರಂತೆ. ಕೊನೆಗೆ ಒಂದು ಮಧ್ಯಾಹ್ನ ಯಾವುದೋ ಮಗುವಿನ ಗುರುತು ಬಿಚ್ಚೋಕೆ ಕೂತವರು, ಅರ್ಧ ಬಿಚ್ಚಿ... ಹಾಗೇ ಕೂತಲ್ಲೇ ಹೋಗಿಬಿಟ್ರು.

"ಆಗ ಇಲ್ಲಿ ಒಬ್ಬಳು ಹುಡುಗಿ ಇದ್ದಳು. ಆರು ವರ್ಷ. ಅವಳ ಗುರುತು ನೀಲಿ ದಾರದ ಮೀನು, ಅದಕ್ಕೇ ನಾನು ಅವಳನ್ನ ಮೀನಮ್ಮ ಅಂತಿದ್ದೆ. ಮೂರು ವರ್ಷದ ಮಗು ಆಗಿದ್ದಾಗ ಅವಳ ತಾಯಿ ದೂರದ ಊರಿಗೆ ಕೆಲಸಕ್ಕೆ ಹೋಗ್ತಾ ಇಲ್ಲಿ ಬಿಟ್ಟು ಹೋಗಿದ್ದಳು. ದಿನಾ ಮಧ್ಯಾಹ್ನ ಮಲಗಿಸುವಾಗ ಒಂದೇ ಪ್ರಶ್ನೆ, 'ಅಮ್ಮ ಬರ್ತಾಳಾ?' ನಾನು ಈ ಊರಿನ ಭಾಷೆಯಲ್ಲಿ ಸರಿಯಾಗಿ ಕಲಿತ ಮೊದಲನೇ ಮಾತೇ 'ಬರ್ತಾಳೆ' ಅನ್ನೋದು. ಹೇಳಿ ಹೇಳಿ... ಅವಳು ನನ್ನ ಕತ್ತು ತಬ್ಬಿಕೊಂಡು ಮಲಗೋದು ಅಭ್ಯಾಸ ಆಗಿ... ಏನು ಹೇಳಲಿ, ಆ ತಾಯಿ ಬರದೇ ಇದ್ರೆ ಚೆನ್ನಾಗಿತ್ತು ಅಂತ ನನಗೇ ಅನ್ನಿಸೋಕೆ ಶುರುವಾಯ್ತು. ಪಾಪದ ಮಾತು. ಆದ್ರೆ ನಿಜ.

"ಅಷ್ಟರಲ್ಲಿ ಕಾಗದ ಬಂತು. ಗುರುವಾರ ಬರ್ತೀನಿ, ಶುಕ್ರವಾರ ಸಂಜೆ ಬಸ್ಸಿಗೆ ಮಗೂನ ಕರ್ಕೊಂಡು ಹೋಗ್ತೀನಿ, ರಜ ಅಷ್ಟೇ ಸಿಕ್ಕಿರೋದು, ಅಂತ. ಸೋಮವಾರ ಮಧ್ಯಾಹ್ನ ನಾನು ಮೀನಮ್ಮನ ಮೂರು ಫ್ರಾಕನ್ನೂ ತಗೊಂಡು ಇಲ್ಲೇ ಕಿಟಕಿ ಹತ್ರ ಕೂತು ಮೀನು ಬಿಚ್ಚಿದೆ. ಮಂಗಳವಾರ ನೋಡಿದ್ರೆ... ಮೂರರಲ್ಲೂ ಮೀನು ಮತ್ತೆ ಇದೆ!"

"ಯಾರೋ ಹೊಲಿದಿರ್ತಾರೆ," ಎಂದಳು ನಕ್ಕಿದ್ದ ಹುಡುಗಿ.

"ನಾನೂ ಹಾಗೇ ಅಂದ್ಕೊಂಡೆ. ಇಸ್ತ್ರಿ ಮಾಡೋಕೆ ಬರ್ತಿದ್ದ ಹೆಂಗಸಿದ್ದಳು, ಇಸ್ತ್ರಿಯಮ್ಮ, ಅವಳ ಮೇಲೆ ಹರಿಹಾಯ್ದೆ. ಅವಳು ಪಾಪ, ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಫ್ರಾಕನ್ನ ದೀಪಕ್ಕೆ ಹಿಡಿದು, 'ಹೊಲಿಗೆ ಸ್ವಲ್ಪ ನೋಡಮ್ಮ' ಅಂದಳು. ನೋಡಿದೆ. ಬಲಗೈಯವರು ಹೊಲಿದ್ರೆ ದಾರ ಒಂದು ಕಡೆ ವಾಲುತ್ತೆ, ಎಡಗೈಯವರು ಹೊಲಿದ್ರೆ ಇನ್ನೊಂದು ಕಡೆ. ಇದು ಎಡಗೈಯ ಹೊಲಿಗೆ. ಈ ಮನೇಲಿ ಎಡಗೈಯಲ್ಲಿ ಹೊಲೀತಿದ್ದವರು ಒಬ್ಬರೇ... ಯಾರು ಅಂತ ಹೇಳಬೇಕಾ?"

ಮಹಡಿಯ ಮೇಲೆ ಯಾವುದೋ ಮಗು ನಿದ್ದೆಯಲ್ಲಿ ಕೆಮ್ಮಿತು. ಜಡೆಯಕ್ಕ ಅಭ್ಯಾಸಬಲದಿಂದ ಅರ್ಧ ಎದ್ದು, ಕಿವಿಗೊಟ್ಟು, ಅದು ಯಾರ ಕೆಮ್ಮು ಎಂದು ಗುರುತಿಸಿ, ಮತ್ತೆ ಕೂತಳು. ನಾಳೆಯಿಂದ ಆ ಕೆಮ್ಮು ಕೇಳಿಸುವುದಿಲ್ಲ ಎಂದುಕೊಂಡಳು.

"ನನಗೆ ಹೆದರಿಕೆ ಆಗಲಿಲ್ಲ ಕಣ್ರೇ," ದೊಡ್ಡಮ್ಮ ಮುಂದುವರಿಸಿದರು. "ಕುತೂಹಲ! ತಲೆ ತುಂಬಾ ಅದೇ. ಯಾರು, ಹೇಗೆ, ಯಾವಾಗ? ಮತ್ತೆ ಬಿಚ್ಚಿದೆ. ಸೂಜಿಡಬ್ಬಿ ಬಚ್ಚಿಟ್ಟೆ. ಈ ಕೋಣೆಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ನಾನೇ ಒಳಗಿನಿಂದ ಚಿಲಕ ಹಾಕಿಕೊಂಡು, ಕಿಟಕಿ ಹತ್ರ ಸೂಜಿ ಸಿಸ್ಟರ್ ಕೂರ್ತಿದ್ದ ಕುರ್ಚಿಯಲ್ಲೇ ಕೂತು ಕಾವಲು ಕಾದೆ. ಕಣ್ಣಲ್ಲಿ ಕಣ್ಣಿಟ್ಟು ಅಂದ್ರೆ ಕಣ್ಣಲ್ಲಿ ಕಣ್ಣಿಟ್ಟು. ಯಾರೂ ಬರಲಿಲ್ಲ. ಒಂದು ಇಲಿ ಕೂಡ ಬರಲಿಲ್ಲ. ಬುಧವಾರ ಮೀನು ಮತ್ತೆ ಬಂತು. ಗುರುವಾರ... ಮೀನು ಅಷ್ಟೇ ಅಲ್ಲ, ಮೂರೂ ಫ್ರಾಕಿನ ತೋಳಿನ ಬಾಯಿ ಮುಚ್ಚಿ ಹೊಲಿದಿತ್ತು. ಕೈ ತೂರಿಸೋಕೇ ಆಗದ ಹಾಗೆ. ಹಾಕ್ಕೊಂಡು ಹೋಗೋದಾದ್ರೂ ಹೇಗೆ ಆ ಮಗು?

"ನನ್ನ ದಡ್ಡತನ ನೋಡಿ. ನಾನು ಏನಂದುಕೊಂಡೆ? ಇದು ದೇವರು ಕೊಟ್ಟ ಸೂಚನೆ, ಈ ಮಗೂನ ಕಳಿಸಬಾರದು ಅಂತ ಮೇಲಿನಿಂದಲೇ ಹೇಳ್ತಾ ಇದ್ದಾರೆ, ಅಂತ. ನಮ್ಮಂಥವರು ಮಾಡೋ ತಪ್ಪೇ ಅದು. ನಮಗೆ ಬೇಕಾದ್ದನ್ನೆಲ್ಲ ದೇವರ ಬಾಯಲ್ಲಿ ಹೇಳಿಸಿಬಿಡ್ತೀವಿ.

"ಅವತ್ತೇ ತಾಯಿ ಬಂದಳು. ಒಣಗಿದ ದೇಹ, ಸೋಪಿನ ನೀರಲ್ಲಿ ಬಿರುಕು ಬಿಟ್ಟ ಕೈ. ಮೂರು ವರ್ಷ ಆಗಿತ್ತಲ್ಲ, ಮೀನಮ್ಮನಿಗೆ ಗುರುತು ಸಿಗಲಿಲ್ಲ. ನನ್ನ ಹಿಂದೆ ಬಚ್ಚಿಟ್ಟುಕೊಂಡಳು. ಆ ಹೆಂಗಸು ತನ್ನ ಕತ್ತುಪಟ್ಟಿಗೆ ಕೈ ಹಾಕಿ ಏನೋ ತೋರಿಸೋಕೆ ಬಂದಳು, ನಾನು ಮುಖ ತಿರುಗಿಸಿದೆ. 'ಕಾಗದ ಪತ್ರ ಎಲ್ಲ ನೋಡಬೇಕು, ಮುಂದಿನ ವಾರ ಬಾ' ಅಂದೆ. 'ಅಮ್ಮಾ, ನನಗೆ ನಾಳೆ ಸಂಜೆ ಬಸ್ಸು. ಮುಂದಿನ ವಾರ ಅಂದ್ರೆ ಇನ್ನು ಎರಡು ವರ್ಷ' ಅಂದಳು. ಅಷ್ಟು ಹೇಳಿದ್ರೂ ಗೇಟು ಹಾಕಿದೆ. ಒಳಗೊಳಗೇ... ಖುಷಿ ಆಯ್ತು ನನಗೆ. ಇವತ್ತಿಗೂ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ."

ದೊಡ್ಡಮ್ಮನ ಕೈ ಇನ್ನೂ ನಿಂತಿರಲಿಲ್ಲ. ಸೂಜಿ ಬಟ್ಟೆಯೊಳಗೆ ಇಳಿಯುತ್ತ, ಏಳುತ್ತ ಇತ್ತು.

"ಆಮೇಲೆ?" ಜಡೆಯಕ್ಕನೇ ಕೇಳಿದಳು.

"ಶುಕ್ರವಾರವೂ ಕಾವಲು ಕೂತು, ಮಧ್ಯಾಹ್ನ ನಾಲ್ಕಕ್ಕೆ ಚಿಲಕ ತೆಗೆದು ಈಚೆ ಬಂದೆ. ಇಸ್ತ್ರಿಯಮ್ಮ ಅಂಗಳದಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. 'ಕಿಟಕಿಯಿಂದ ನೋಡಿದೆ ಅಮ್ಮ. ನೀನೇ ಹೊಲೀತಾ ಇದ್ದೆ. ಮೂರು ಸಲ ಕೂಗಿದೆ, ನೀನು ತಿರುಗಲಿಲ್ಲ. ಎಡಗೈಯಲ್ಲಿ ಹೊಲೀತಾ ಇದ್ದೆ' ಅಂದಳು. ನನಗೆ ಎಡಗೈಯಲ್ಲಿ ಚಮಚ ಹಿಡಿಯೋಕೂ ಬರಲ್ಲ! ನಗಬೇಕು ಅಂತಿದ್ದೆ... ಅಷ್ಟರಲ್ಲಿ ಬೆರಳು ನೋಡಿಕೊಂಡೆ. ಹೊಲಿಯುವಾಗ ಸೂಜಿ ಚುಚ್ಚೋದು ಯಾವ ಕೈಗೆ? ಬಟ್ಟೆ ಹಿಡಿದ ಕೈಗೆ. ನನಗಾದ್ರೆ ಎಡಗೈಗೆ ಚುಚ್ಚಬೇಕು. ನನ್ನ ಬಲಗೈ ಬೆರಳ ತುದಿ ಪೂರ್ತಿ... ಸಣ್ಣ ಸಣ್ಣ ಕೆಂಪು ಚುಕ್ಕೆ.

"ಆವಾಗಲೇ ಎಲ್ಲಾ ಅರ್ಥ ಆಯ್ತು. ಸೂಜಿ ಸಿಸ್ಟರಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಬಿಚ್ಚಿ ಬಿಚ್ಚಿ ಸಾಕಾಗಿತ್ತು ಅವರಿಗೆ, ಅಷ್ಟೇ. ಇನ್ನು ಒಂದು ಮಗೂನೂ ಬಿಡಲ್ಲ ಅಂತ ಕೂತಿದ್ರು. ಅವರಿಗೊಂದು ಕೈ ಬೇಕಿತ್ತು... ಬಿಡೋಕೆ ಮನಸ್ಸಿಲ್ಲದವಳ ಕೈ. ನಾನು ಸಿಕ್ಕಿದೆ.

"ಬಸ್ಸಿಗೆ ಅರ್ಧ ಗಂಟೆ ಇತ್ತು. ಫ್ರಾಕು ಬಿಚ್ಚುತ್ತಾ ಕೂರೋಕೆ ಎಲ್ಲಿ ಹೊತ್ತು? ನಿದ್ದೆಗಣ್ಣಿನ ಮಗೂನ ಪೆಟಿಕೋಟಿನಲ್ಲೇ ನನ್ನ ಶಾಲಲ್ಲಿ ಸುತ್ತಿ, ಎತ್ಕೊಂಡು, ಮಳೆಯಲ್ಲಿ ಬರಿಗಾಲಲ್ಲಿ ಓಡಿದೆ. ಬಸ್ಸು ಸ್ಟಾರ್ಟ್ ಆಗಿತ್ತು, ಆ ತಾಯಿ ಮೆಟ್ಟಿಲ ಮೇಲೆ ನಿಂತು ಹಿಂದೆ ನೋಡ್ತಾ ಇದ್ದಳು. ಮಗುವಿಗೆ ಕತ್ತುಪಟ್ಟಿ ಮಡಚಿ ತೋರಿಸಿದಳು. ಒಳಗೆ ನೀಲಿ ದಾರದ ಮೀನು! ಮಗೂನ ಬಿಟ್ಟು ಹೋದ ದಿನ ಸೂಜಿ ಸಿಸ್ಟರೇ ತಾಯಿಗೂ ಹೊಲಿದು ಕೊಟ್ಟಿದ್ದರಂತೆ, ತಿರುಗಿ ಬಂದಾಗ ಮಗುವಿಗೆ ಗುರುತು ಸಿಗಲಿ ಅಂತ. ಮೀನಮ್ಮ ಅದರ ಮೇಲೆ ಬೆರಳಿಟ್ಟಳು. ಆಮೇಲೆ ನನ್ನ ಕತ್ತಿನಿಂದ ಕೈ ತೆಗೆದು... ತಾಯಿಯ ಕತ್ತಿಗೆ ಹಾಕಿದಳು. ನಾನು ಮನಸಾರೆ ಅತ್ತೆ."

ಹೊಸ ಹುಡುಗಿಯರಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. ನಕ್ಕಿದ್ದವಳು ಈಗ ನಗುತ್ತಿರಲಿಲ್ಲ. "ಆ ಕುರ್ಚಿ ಏನಾಯ್ತು ದೊಡ್ಡಮ್ಮ?" ಎಂದು ಕೇಳಿದಳು.

"ಅಟ್ಟಕ್ಕೆ ಹಾಕಿಸಿದ್ದೆ. ಮೂವತ್ತೈದು ವರ್ಷ ಅಲ್ಲೇ ಇತ್ತು, ಒಂದು ಹೊಲಿಗೆಯೂ ತಾನಾಗಿ ಬೀಳಲಿಲ್ಲ. ಆಮೇಲೆ ನನ್ನ ಮೊಣಕಾಲು ಹೋಯ್ತಲ್ಲ... ಈ ಮನೇಲಿ ಇಷ್ಟು ಎತ್ತರದ ಕುರ್ಚಿ ಇನ್ನೊಂದಿಲ್ಲ. ಕೂತು ಏಳೋಕೆ ಇದೇ ಸಲೀಸು. ಇಷ್ಟು ವರ್ಷ ಆಯ್ತು, ಇನ್ನೇನು, ಅಂತ ಕೆಳಗೆ ಇಳಿಸಿಕೊಂಡೆ."

ಮೂವರ ಕಣ್ಣುಗಳೂ ಒಟ್ಟಿಗೆ ಕುರ್ಚಿಯ ಕಡೆ ಹೋದವು. ಜಡೆಯಕ್ಕನ ಕಣ್ಣು ಮಾತ್ರ ಅಲ್ಲಿ ನಿಲ್ಲದೆ ಕೋಟಿನ ಮೇಲೆ ಬಿತ್ತು. ಒಂದು ಗುಂಡಿ ಹಾಕಲು ಇಷ್ಟು ಹೊತ್ತು ಬೇಕೇ? ಸೂಜಿ ದೊಡ್ಡಮ್ಮನ ಎಡಗೈಯಲ್ಲಿತ್ತು.

ಅವಳು ಬಗ್ಗಿ ಕೋಟನ್ನು ಅವರ ತೊಡೆಯ ಮೇಲಿಂದ ಎತ್ತಿಕೊಂಡಳು. ಕತ್ತುಪಟ್ಟಿಯ ಒಳಗೆ ಕಪ್ಪು ದಾರದ ಜಡೆ ಮತ್ತೆ ಬಂದು ಕೂತಿತ್ತು. ತೋಳಿನೊಳಗೆ ಕೈ ತೂರಿಸಿದಳು. ಮಣಿಕಟ್ಟಿನ ಹತ್ತಿರ ಹೋಗಿ ಕೈ ನಿಂತಿತು. ಇನ್ನೊಂದು ತೋಳೂ ಹಾಗೆಯೇ. ಮುಚ್ಚಿದ ಬಾಯಿಯ ಉದ್ದಕ್ಕೂ ಒತ್ತಾದ, ಅಚ್ಚುಕಟ್ಟಾದ, ಎಡಕ್ಕೆ ವಾಲಿದ ಹೊಲಿಗೆ.

"ದೊಡ್ಡಮ್ಮ..." ಎಂದಳು.

ದೊಡ್ಡಮ್ಮ ತಮ್ಮ ಬಲಗೈಯನ್ನು ದೀಪದ ಬೆಳಕಿಗೆ ಹಿಡಿದು, ಬೆರಳ ತುದಿಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮಗುವೊಂದು ಗೊತ್ತಿಲ್ಲದ ವಸ್ತುವನ್ನು ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ ಅವಳ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು.

"ನೀನು ಹೋಗ್ತೀಯ ಅಂದಾಗಿನಿಂದ ನನಗೆ ಊಟ ಸೇರ್ತಾ ಇಲ್ಲ ಕಣೆ," ಎಂದರು ಮೆಲ್ಲಗೆ. "ಕತ್ತರಿ ಅಲ್ಲಿದೆ, ತಗೋ. ನೀನೇ ಬಿಚ್ಚಿಕೋ. ಇವತ್ತು ರಾತ್ರಿ ಕೋಟನ್ನ ತಲೆ ಕೆಳಗೆ ಇಟ್ಕೊಂಡು ಮಲಗು ಮಗಳೇ... ನಾನು ಎಷ್ಟು ಕೇಳಿದ್ರೂ ನನ್ನ ಕೈಗೆ ಮಾತ್ರ ಕೊಡಬೇಡ."